ಮಮತೆಯೂ ಒಂದು ಕಾಯಕ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಪ್ರೀತಿ, ಮಮತೆಗಳ ಬಗ್ಗೆ ಮಿದುಳಿನ ವಿಜ್ಞಾನ ಏನು ಹೇಳುತ್ತದೆ ಎಂದು ಮಾತಾಡಬೇಕೆಂದು ಅಪ್ಪಣೆಯಾಗಿದೆ. ನಾನು ವೈದ್ಯನಲ್ಲ, ಎಂಜಿನಿಯರು. ಸರ್ಕಾರಿ ನೌಕರಿಯ ಬಹುಕಾಲ ಕಾಲುವೆ, ತೂಬುಗಳ ಲೆಕ್ಕದಲ್ಲೇ ಕಳೆದವನು. ಆದ್ದರಿಂದ ಒಂದು ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವ ಹಾಗೆಯೇ ಇದನ್ನೂ ನೋಡುತ್ತೇನೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಇಂದಿನ ವಿಜ್ಞಾನವೆಲ್ಲ ಹನ್ನೆರಡನೆಯ ಶತಮಾನದಲ್ಲೇ ಇತ್ತು ಎಂದು ಭಾಷಣ ಮಾಡುವವರ ಪೈಕಿ ನಾನಲ್ಲ. ಶರಣರ ದೊಡ್ಡತನಕ್ಕೆ ಎಂ.ಆರ್.ಐ. ಯಂತ್ರದ ಪ್ರಮಾಣಪತ್ರ ಬೇಕಿಲ್ಲ.

ಆದರೆ ಒಂದು ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡಿದೆ. ಪ್ರವಚನಗಳಲ್ಲಿ ಪದೇ ಪದೇ ಕೇಳುತ್ತೇವೆ: ಹೆಂಡತಿ ಮಕ್ಕಳ ಮೇಲಿನ ಮೋಹ ಒಂದು ಪಾಶ, ಅದನ್ನು ಹರಿದುಕೊಂಡರೆ ಮುಕ್ತಿ. ಕೇಳಿ ತಲೆದೂಗುತ್ತೇವೆ, ಮನೆಗೆ ಹೋಗಿ ಮೊಮ್ಮಗುವನ್ನು ಎತ್ತಿಕೊಳ್ಳುತ್ತೇವೆ. ಎರಡರಲ್ಲಿ ಯಾವುದು ಸುಳ್ಳು? ಬಸವಣ್ಣನವರು ಸಂಸಾರಿಗಳು. ಗಂಗಾಂಬಿಕೆ, ನೀಲಾಂಬಿಕೆಯರ ಪತಿ. ಆಯ್ದಕ್ಕಿ ಮಾರಯ್ಯನವರ ಹೆಸರು ಹೇಳಿದರೆ ಲಕ್ಕಮ್ಮನವರ ಹೆಸರು ಜೊತೆಗೇ ಬರುತ್ತದೆ. ಮೋಳಿಗೆ ಮಾರಯ್ಯನವರು ಮಹಾದೇವಿಯಮ್ಮನವರೊಂದಿಗೆ ಕಾಯಕ ಮಾಡಿದರು. ಕಾಡಿಗೆ ಹೋಗಿ ಕುಳಿತರೆ ಮಾತ್ರ ಶರಣ ಎಂದು ಕಲ್ಯಾಣದಲ್ಲಿ ಯಾರೂ ಹೇಳಲಿಲ್ಲ. ಹಾಗಿದ್ದರೆ ಮಮತೆ ಕಳಂಕವೋ, ಅಲ್ಲವೋ? ಈ ಪ್ರಶ್ನೆ ಇಟ್ಟುಕೊಂಡೇ ನಾನು ಓದಿದ್ದು.

ಅಮೆರಿಕದ ಮಧ್ಯಭಾಗದ ಹುಲ್ಲುಗಾವಲುಗಳಲ್ಲಿ ಪ್ರೇರಿ ವೋಲ್ ಎಂಬ ಒಂದು ಪ್ರಾಣಿ ಇದೆ. ನೋಡಲು ನಮ್ಮ ಹೊಲದ ಇಲಿಯಂತೆಯೇ, ಬಾಲ ಮಾತ್ರ ಮೊಟಕು. ಒಂದು ಗಂಡು ಒಂದು ಹೆಣ್ಣು ಜೊತೆಯಾದರೆ ಒಂದೇ ಗೂಡಿನಲ್ಲಿರುತ್ತವೆ, ಮರಿಗಳನ್ನು ಎರಡೂ ಸೇರಿ ಸಾಕುತ್ತವೆ. ಒಂದು ಸತ್ತರೆ ಉಳಿದದ್ದು ಹೆಚ್ಚಾಗಿ ಮತ್ತೊಂದು ಜೋಡಿ ಕಟ್ಟುವುದಿಲ್ಲ. ಇವೇನೂ ಪುರಾಣದ ಪತಿವ್ರತೆಯರಲ್ಲ, ಆಗಾಗ ಗೂಡಿನಾಚೆಯ ಸಂಬಂಧವೂ ಉಂಟು. ಆದರೂ ಬಾಳು ಮಾತ್ರ ಜೊತೆಯದೇ. ಸಸ್ತನಿಗಳಲ್ಲಿ ಹೀಗೆ ಜೋಡಿಯಾಗಿ ಬಾಳುವವು ನೂರಕ್ಕೆ ಮೂರೋ ಐದೋ. ಇದರ ಹತ್ತಿರದ ಬಳಗವೇ ಆದ ಬೆಟ್ಟದ ವೋಲ್ ಒಂಟಿ ಜೀವಿ. ಕೂಡುತ್ತದೆ, ಬಿಟ್ಟು ಹೋಗುತ್ತದೆ. ಗಂಡಿಗೆ ಮರಿಗಳ ಗೊಡವೆಯೇ ಇಲ್ಲ.

ಒಂದೇ ಬಳಗದ ಎರಡು ಪ್ರಾಣಿಗಳಲ್ಲಿ ಇಷ್ಟು ವ್ಯತ್ಯಾಸ ಏಕೆ? ಸ್ಯೂ ಕಾರ್ಟರ್, ಥಾಮಸ್ ಇನ್ಸೆಲ್, ಲ್ಯಾರಿ ಯಂಗ್ ಮೊದಲಾದ ವಿಜ್ಞಾನಿಗಳು ಇದನ್ನು ದಶಕಗಳ ಕಾಲ ಹುಡುಕಿದರು. ಆಕ್ಸಿಟೋಸಿನ್ ಎಂಬ ರಸವೊಂದಿದೆ. ಹೆರಿಗೆ ನೋವು ಬರಲು, ಎದೆಹಾಲು ಇಳಿಯಲು ಅದೇ ಕಾರಣ. ಅದರ ಸೋದರನಂಥದು ವ್ಯಾಸೊಪ್ರೆಸಿನ್. ಇವು ಎರಡೂ ವೋಲ್‌ಗಳಲ್ಲಿ ಇವೆ. ವ್ಯತ್ಯಾಸ ಇರುವುದು ಆ ರಸವನ್ನು ಹಿಡಿದುಕೊಳ್ಳುವ ಗ್ರಾಹಿಗಳು ಮಿದುಳಿನ ಯಾವ ಜಾಗದಲ್ಲಿ ಎಷ್ಟಿವೆ ಎಂಬುದರಲ್ಲಿ. 1992ರಲ್ಲಿ ಇನ್ಸೆಲ್ ಮತ್ತು ಶಪಿರೊ ಇದನ್ನು ತೋರಿಸಿದರು. ನನ್ನ ಭಾಷೆಯಲ್ಲಿ ಹೇಳುವುದಾದರೆ ಕಾಲುವೆಯ ನೀರು ಒಂದೇ, ತೂಬು ಎಲ್ಲಿ ಇಟ್ಟಿದ್ದಾರೋ ಆ ಹೊಲ ಮಾತ್ರ ನೆನೆಯುತ್ತದೆ. ಪ್ರೇರಿ ವೋಲ್‌ನಲ್ಲಿ ಆ ತೂಬುಗಳು ಸಂತೋಷದ, ಬಯಕೆಯ ಕೇಂದ್ರಗಳಲ್ಲೇ ದಟ್ಟವಾಗಿವೆ. ಹಾಗಾಗಿ ಸಂಗಾತಿಯ ವಾಸನೆ, ಸ್ಪರ್ಶ ಅಲ್ಲಿ ಅಚ್ಚೊತ್ತಿಬಿಡುತ್ತವೆ. 2004ರಲ್ಲಿ ಮತ್ತೊಂದು ಪ್ರಯೋಗ ನಡೆಯಿತು. ಜೋಡಿ ಕಟ್ಟದ ಮೆಡೋ ವೋಲ್ ಎಂಬ ಜಾತಿಯ ಗಂಡುಗಳ ಮಿದುಳಿನಲ್ಲಿ ಒಂದೇ ಒಂದು ಕಡೆ ವ್ಯಾಸೊಪ್ರೆಸಿನ್ ಗ್ರಾಹಿಗಳನ್ನು ಹೆಚ್ಚಿಸಿದರು. ಅಲೆಮಾರಿಯಾಗಿದ್ದ ಗಂಡು ತನ್ನ ಜೊತೆಗಾತಿಯ ಪಕ್ಕ ಬಿಡದೆ ಕುಳಿತಿತು!

ಇದನ್ನು ಕೇಳಿ ಪತ್ರಿಕೆಗಳು ಆಕ್ಸಿಟೋಸಿನ್‌ಗೆ 'ಪ್ರೀತಿಯ ಹಾರ್ಮೋನು' ಎಂದು ಹೆಸರಿಟ್ಟು ಕುಣಿದವು. ಸಂಗತಿ ಅಷ್ಟು ಸರಳವಲ್ಲ. 2023ರಲ್ಲಿ ಆಕ್ಸಿಟೋಸಿನ್ ಗ್ರಾಹಿಯೇ ಇಲ್ಲದಂತೆ ಜೀನ್ ತಿದ್ದಿದ ವೋಲ್‌ಗಳನ್ನು ಬೆಳೆಸಿದರು. ಅವೂ ಜೋಡಿ ಕಟ್ಟಿದವು, ಮರಿಗಳನ್ನೂ ಸಾಕಿದವು. ಎಂಜಿನಿಯರನಿಗೆ ಇದರಲ್ಲಿ ಅಚ್ಚರಿಯಿಲ್ಲ. ಊರಿಗೆ ಕುಡಿಯುವ ನೀರು ಕೊಡುವ ಕಡೆ ಒಂದೇ ಪಂಪು ಇಟ್ಟು ಯಾರೂ ಮಲಗುವುದಿಲ್ಲ, ಪಕ್ಕಕ್ಕೆ ಇನ್ನೊಂದು ಇಟ್ಟಿರುತ್ತಾರೆ. ಜೀವಿ ಬದುಕಲು ಮಮತೆ ಅಷ್ಟು ಮುಖ್ಯ ಎಂದೇ ಅದಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ ಎಂದು ನಾನು ತಿಳಿದಿದ್ದೇನೆ. ಅಂಗಡಿಯಲ್ಲಿ 'ಪ್ರೀತಿಯ ಸ್ಪ್ರೇ' ಎಂದು ಮಾರುವವರಿದ್ದಾರೆ, ದುಡ್ಡು ಕಳೆದುಕೊಳ್ಳಬೇಡಿ.

ಇನ್ನು ಮನುಷ್ಯರ ಮಾತು. 2005ರಲ್ಲಿ ಆರ್ಥರ್ ಆರನ್, ಹೆಲೆನ್ ಫಿಶರ್, ಲೂಸಿ ಬ್ರೌನ್ ಎಂಬವರು ಹೊಸದಾಗಿ ಪ್ರೀತಿಯಲ್ಲಿ ಬಿದ್ದ 17 ಜನರನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ಅವರವರ ಪ್ರಿಯರ ಭಾವಚಿತ್ರ ತೋರಿಸಿದರು. ಮಿದುಳಿನ ಬುಡದಲ್ಲಿ ಡೋಪಮೈನ್ ಹುಟ್ಟುವ ಒಂದು ಸಣ್ಣ ಜಾಗ ಚುರುಕಾಯಿತು. ಹಸಿವು, ಬಾಯಾರಿಕೆಗಳಂತೆ 'ಇದು ಬೇಕು' ಎಂದು ಓಡಿಸುವ ಜಾಗ ಅದು. 2012ರಲ್ಲಿ ಅದೇ ಗುಂಪಿನವರು ಸರಾಸರಿ 21 ವರ್ಷ ಸಂಸಾರ ಮಾಡಿಯೂ ಈಗಲೂ ಅಷ್ಟೇ ಪ್ರೀತಿಯಿದೆ ಎನ್ನುವ 17 ಜನರನ್ನು ಪರೀಕ್ಷಿಸಿದರು. ಅದೇ ಜಾಗ ಚುರುಕಾಯಿತು, ಜೊತೆಗೆ ತಾಯಿ ಮಗುವಿನ ಮಮತೆಯಲ್ಲಿ ಕಾಣುವ ಭಾಗಗಳೂ ಎದ್ದವು. ಸಣ್ಣ ಸಂಖ್ಯೆ, ಅದೂ ಆರಿಸಿ ತೆಗೆದ ಜನ. ಎಲ್ಲ ದಂಪತಿಗಳೂ ಹೀಗೇ ಎಂದು ಅರ್ಥವಲ್ಲ. ಆದರೆ ಮದುವೆಯಾಗಿ ಎರಡು ವರ್ಷಕ್ಕೆ ಪ್ರೀತಿ ಆರಿಯೇ ತೀರುತ್ತದೆ ಎಂಬ ಮಾತು ನಿಯಮವಲ್ಲ ಎಂದಷ್ಟಕ್ಕೆ ಇದು ಸಾಕು.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಮಕ್ಕಳ ವಿಷಯ. ಅದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪಶ್ಚಿಮದ ದೊಡ್ಡ ದೊಡ್ಡ ಪಂಡಿತರು, ಮಗು ತಾಯಿಗೆ ಅಂಟಿಕೊಳ್ಳುವುದು ಹಾಲಿಗಾಗಿ, ಹೆಚ್ಚು ಮುದ್ದು ಮಾಡಿದರೆ ಮಗು ಕೆಡುತ್ತದೆ ಎಂದು ಬರೆದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೊ ಕೋತಿಮರಿಗಳನ್ನು ತಾಯಿಯಿಂದ ಬೇರೆ ಮಾಡಿ ಅವಕ್ಕೆ ಎರಡು ಬೊಂಬೆತಾಯಿಗಳನ್ನು ಕೊಟ್ಟ. ಒಂದು ಬರೀ ತಂತಿಯದು, ಅದರಲ್ಲಿ ಹಾಲಿನ ಬಾಟಲಿ. ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು, ಹಾಲಿಲ್ಲ. ಮರಿಗಳು ತಂತಿಯ ತಾಯಿಯ ಬಳಿ ಹೋಗಿ ಹಾಲು ಕುಡಿದು, ಓಡಿ ಬಂದು ಬಟ್ಟೆಯ ತಾಯಿಯನ್ನು ಅಪ್ಪಿಕೊಂಡವು. ದಿನದ ಬಹುಪಾಲು ಅಲ್ಲೇ. 1958ರಲ್ಲಿ ಇದು ಪ್ರಕಟವಾದಾಗ ಪಂಡಿತರ ವಾದ ಬಿದ್ದುಹೋಯಿತು. ಅದಕ್ಕೆ ಆ ಮೂಕಪ್ರಾಣಿಗಳು ಕೊಟ್ಟ ಬೆಲೆ ದೊಡ್ಡದು. ದಯೆಯೇ ಧರ್ಮದ ಮೂಲವೆಂದು ನಂಬಿದ ನಮಗೆ ಆ ಪ್ರಯೋಗಗಳನ್ನು ಓದುವುದು ಕಷ್ಟ.

ಮನುಷ್ಯರ ಮಕ್ಕಳ ಮೇಲೆ ಇಂಥ ಪ್ರಯೋಗ ಯಾರೂ ಮಾಡಲಾರರು. ಆದರೆ ರೊಮೇನಿಯಾ ದೇಶದಲ್ಲಿ ಒಂದು ಸರ್ಕಾರವೇ ಅದನ್ನು ಮಾಡಿಬಿಟ್ಟಿತು. ಚೌಸೆಸ್ಕು ಎಂಬ ಸರ್ವಾಧಿಕಾರಿ ಜನಸಂಖ್ಯೆ ಹೆಚ್ಚಿಸಲು 1966ರಲ್ಲಿ ಗರ್ಭಪಾತ ನಿಷೇಧಿಸಿದ. ಬಡವರು ಹೆತ್ತರು, ಸಾಕಲಾರದೆ ಸರ್ಕಾರಿ ಅನಾಥಾಲಯಗಳಿಗೆ ಬಿಟ್ಟರು. 1989ರಲ್ಲಿ ಅವನು ಬಿದ್ದಾಗ ಲಕ್ಷಕ್ಕೂ ಹೆಚ್ಚು ಮಕ್ಕಳು ಅಲ್ಲಿದ್ದರು. ಒಬ್ಬ ಆಯಾಗೆ ಹತ್ತು ಹದಿನೈದು ಮಕ್ಕಳು, ಪಾಳಿ ಬದಲಾದಂತೆ ಆಯಾ ಬದಲು. ಹೊತ್ತಿಗೆ ಊಟ, ಹೊತ್ತಿಗೆ ಸ್ನಾನ, ಸಾಲಾಗಿ ತೊಟ್ಟಿಲು. ಅತ್ತರೆ ಯಾರೂ ಬರುವುದಿಲ್ಲ ಎಂದು ಕಲಿತ ಮಕ್ಕಳು ಅಳುವುದನ್ನೇ ಬಿಟ್ಟಿದ್ದವು.

ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಬುಕಾರೆಸ್ಟ್ ನಗರದಲ್ಲಿ ಇಂಥ 136 ಮಕ್ಕಳನ್ನು ಆರಿಸಿ, ಚೀಟಿ ಎತ್ತಿದಂತೆ ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು. ಉಳಿದ ಅರ್ಧಕ್ಕೆ ಅಲ್ಲಿದ್ದ ವ್ಯವಸ್ಥೆಯೇ ಮುಂದುವರಿಯಿತು. ನಾಲ್ಕೂವರೆ ವರ್ಷವಾದಾಗ ಬುದ್ಧಿಮತ್ತೆ ಅಳೆದರು. ಅನಾಥಾಲಯದ ಗುಂಪಿಗೆ ಸರಾಸರಿ 73, ಸಾಕುಮನೆಯವರಿಗೆ 81, ಹೆತ್ತವರ ಮನೆಯಲ್ಲೇ ಬೆಳೆದ ಮಕ್ಕಳಿಗೆ 109. ಎರಡು ವರ್ಷದೊಳಗೆ ಸಾಕುಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಮುಂದೆ ಮಿದುಳಿನ ಚಿತ್ರ ತೆಗೆದಾಗ ಅನಾಥಾಲಯದ ಮಕ್ಕಳ ಮಿದುಳಿನ ಗಾತ್ರವೇ ಕಡಿಮೆಯಿತ್ತು. ಊಟಕ್ಕೆ, ಔಷಧಿಗೆ ಇಷ್ಟು ಎಂದು ಬಜೆಟ್ ಹಾಕಬಹುದು. 'ಈ ಮಗು ನನ್ನದು' ಎನ್ನುವ ಒಬ್ಬ ಮನುಷ್ಯನನ್ನು ಯಾವ ತಲೆಬರಹದಡಿ ತೋರಿಸುವುದು?

ಈ ಮಾತನ್ನು ಮಠದ ಅಂಗಳದಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ನಮ್ಮ ಮಠಗಳ ಪ್ರಸಾದ ನಿಲಯಗಳು ಅಂಥ ಅನಾಥಾಲಯಗಳಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟದ್ದನ್ನು ನಾಡೇ ಬಲ್ಲದು. ಇಲ್ಲಿಗೆ ಬರುವ ಮಕ್ಕಳು ತಾಯಿಯ ಮಡಿಲಲ್ಲಿ ಕೆಲವು ವರ್ಷ ಕಳೆದು ಬಂದವರು, ರಜೆಗೆ ಊರಿಗೆ ಹೋಗುವವರು. ಆದರೂ ಆರು ಏಳು ವರ್ಷದ ಮಗು ರಾತ್ರಿ ಜ್ವರ ಬಂದಾಗ ಯಾರ ಹೆಸರು ಕರೆಯಬೇಕು? ಹತ್ತು ಹನ್ನೆರಡು ಸಣ್ಣ ಮಕ್ಕಳಿಗೆ ಒಬ್ಬ ಹಿರಿಯರು, ವರ್ಷವಿಡೀ ಬದಲಾಗದ ಒಬ್ಬರು, ದಿನಕ್ಕೊಮ್ಮೆ ಪ್ರತಿ ಮಗುವನ್ನೂ ಹೆಸರು ಹಿಡಿದು ಮಾತಾಡಿಸುವವರು ಇದ್ದರೆ ದಾಸೋಹಕ್ಕೆ ಇನ್ನೊಂದು ಮುಖ ಸೇರಿದಂತೆ. ನಿವೃತ್ತರಾದ ನಮ್ಮಂಥವರು, ಅಕ್ಕನ ಬಳಗದ ತಾಯಂದಿರು ಊರೂರಲ್ಲಿ ಇದ್ದೇವೆ. ಕಟ್ಟಡಕ್ಕೆ ದೇಣಿಗೆ ಕೊಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಿಸುವುದಕ್ಕಿಂತ ಇದು ಕಷ್ಟ, ನಿಜ.

ಇಲ್ಲೇ ಗಂಡಸರಿಗೆ ಒಂದು ಮಾತು. ಮಗುವಿನ ಮಮತೆ ಹೆಂಗಸಿಗೆ ಹುಟ್ಟಿನಿಂದ ಬಂದದ್ದು, ನಮಗೆ ಅದೆಲ್ಲ ಬರುವುದಿಲ್ಲ ಎಂದು ಪತ್ರಿಕೆ ಹಿಡಿದು ಕೂರುತ್ತೇವಲ್ಲ. ಇಸ್ರೇಲಿನ ರೂತ್ ಫೆಲ್ಡ್‌ಮನ್ ಮತ್ತು ಅವರ ಸಂಗಡಿಗರು 2014ರಲ್ಲಿ ಮೂರು ಬಗೆಯ ಪಾಲಕರ ಮಿದುಳು ನೋಡಿದರು: ಮಗುವಿನ ಹೆಚ್ಚಿನ ಆರೈಕೆ ಮಾಡುವ ತಾಯಂದಿರು, ಅವರಿಗೆ ಸಹಾಯ ಮಾಡುವ ತಂದೆಯರು, ಮತ್ತು ತಾಯಿಯಿಲ್ಲದೆ ಇಬ್ಬರು ಗಂಡಸರೇ ಮಗು ಸಾಕುತ್ತಿದ್ದ ಮನೆಗಳ ತಂದೆಯರು. ಮಗುವಿನ ಕುರಿತು ಸದಾ ಎಚ್ಚರವಾಗಿರುವ ಭಾಗ ತಾಯಂದಿರಲ್ಲಿ ಚುರುಕಾಗಿತ್ತು, ಸಹಾಯಕ ತಂದೆಯರಲ್ಲಿ ಅಷ್ಟಿರಲಿಲ್ಲ. ಮೂರನೆಯ ಗುಂಪಿನ ಗಂಡಸರಲ್ಲಿ ಅದು ತಾಯಂದಿರಷ್ಟೇ ಚುರುಕಾಗಿತ್ತು. ತಂದೆಯರು ಆರೈಕೆಗೆ ಎಷ್ಟು ಹೊತ್ತು ಕೊಡುತ್ತಾರೋ ಅಷ್ಟರ ಮಟ್ಟಿಗೆ ಮಿದುಳಿನ ಎರಡು ಭಾಗಗಳ ನಡುವಿನ ಕೊಂಡಿ ಬಲವಾಗಿತ್ತು. ಹೆತ್ತ ಮಾತ್ರಕ್ಕೆ ಬರುವುದಲ್ಲ ಇದು, ಮಾಡಿದರೆ ಬರುವುದು. ನಮ್ಮ ಬಳಿ ಇದಕ್ಕೆ ಸಿದ್ಧವಾದ ಒಂದು ಶಬ್ದವಿದೆ, ಕಾಯಕ. ಹುಟ್ಟಿನಿಂದ ಯಾರೂ ಏನೂ ಆಗುವುದಿಲ್ಲ, ಮಾಡುವ ಕೆಲಸದಿಂದ ಆಗುತ್ತಾರೆ ಎಂಬ ತತ್ವ ನಮ್ಮ ಮನೆಯದು. ಮಗುವಿನ ಕುಂಡೆ ತೊಳೆಯುವ ಕೆಲಸಕ್ಕೆ ಮಾತ್ರ ಅದು ಅನ್ವಯಿಸದೆ ಹೋಯಿತೇ?

ಈಗ ಮದುವೆಯ ವಿಷಯ. ಸಭೆಯಲ್ಲಿ ಕೆಲವರಿಗೆ ಇದು ಇಷ್ಟವಾಗದು, ಆದರೂ ಹೇಳಬೇಕು.

ನಿಶ್ಚಯಿಸಿದ ಮದುವೆಯೇ ಮೇಲು ಎನ್ನಲು ನಮ್ಮವರು ಒಂದು ಅಧ್ಯಯನವನ್ನು ಉದಾಹರಿಸುತ್ತಾರೆ. 1982ರಲ್ಲಿ ಜಯಪುರದಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ 50 ದಂಪತಿಗಳನ್ನು ಕೇಳಿದರು. ಪ್ರೀತಿಸಿ ಮದುವೆಯಾದವರಲ್ಲಿ ಮೊದಲು ಹೆಚ್ಚಿದ್ದ ಪ್ರೀತಿ ಕೆಲವು ವರ್ಷಕ್ಕೆ ಇಳಿದಿತ್ತು, ಹಿರಿಯರು ಮಾಡಿದ ಮದುವೆಗಳಲ್ಲಿ ಏರಿತ್ತು. ಅಮೆರಿಕದಲ್ಲಿ ನೆಲೆಸಿದ ಭಾರತೀಯರ ನಡುವೆ 2012ರಲ್ಲಿ ಹೀಗೇ ಕೇಳಿದಾಗ ಎರಡೂ ಬಗೆಯವರಲ್ಲಿ ಅಂಥ ಅಂತರ ಕಾಣಲಿಲ್ಲ. ಎರಡನ್ನೂ ಓದಿದಾಗ ನನಗೆ ತಿಳಿದದ್ದು ಇಷ್ಟು: ಯಾರು ಆರಿಸಿದರು ಎಂಬುದಕ್ಕಿಂತ ಆಮೇಲೆ ಆ ಇಬ್ಬರು ಒಬ್ಬರಿಗೊಬ್ಬರು ಏನು ಮಾಡಿದರು ಎಂಬುದರ ಮೇಲೆ ಮಿದುಳು ತನ್ನ ಗಂಟು ಹಾಕುತ್ತದೆ. ಒಳ್ಳೆಯದು, ಹಿರಿಯರು ಹುಡುಕಲಿ. ಆದರೆ ಪಂಚಮಸಾಲಿಗೆ ಪಂಚಮಸಾಲಿ, ಬಣಜಿಗರಿಗೆ ಬಣಜಿಗ, ಸಾದರಿಗೆ ಸಾದರೇ ಆಗಬೇಕು, ಹಡಪದ ಮಡಿವಾಳರ ಮನೆಗೆ ಹೆಣ್ಣು ಕೊಡುವುದಿಲ್ಲ ಎಂಬ ಷರತ್ತು ಎಲ್ಲಿಂದ ಬಂತು? ಮೇಲೆ ಹೇಳಿದ ಯಾವ ತೂಬಿನ ಮೇಲೂ ಉಪಪಂಗಡದ ಹೆಸರು ಬರೆದಿಲ್ಲ. ಬಸವ ಜಯಂತಿಯಂದು ಮೆರವಣಿಗೆ ಮಾಡಿ ಮರುದಿನ ವಧೂವರರ ಜಾಹೀರಾತಿನಲ್ಲಿ ಉಪಪಂಗಡ ಹಾಕುವವರು ನಾವೇ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ಮಾಡಿದ್ದಕ್ಕೆ ಆ ಇಬ್ಬರು ತಂದೆಯರು ಎಳೆಹೂಟೆಯ ಶಿಕ್ಷೆಯಲ್ಲಿ ಪ್ರಾಣ ತೆತ್ತರು. ಅವರ ಹೆಸರು ಹೇಳಿ ಕೈಮುಗಿಯುತ್ತೇವೆ. ಆ ಧೈರ್ಯದಲ್ಲಿ ಒಂದು ಕಾಳಷ್ಟನ್ನು ನಮ್ಮ ಮನೆಯ ಹೊಸ್ತಿಲಲ್ಲಿ ತೋರಿಸುವುದಿಲ್ಲ.

ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಾಳೆ ಎಂದು ಗೊತ್ತಾದ ಕೂಡಲೇ ನಮ್ಮಲ್ಲಿ ಹೇಳುವ ಮಾತು ಒಂದೇ: 'ಫೋನು ಕಸಿದುಕೊಂಡು ಆರು ತಿಂಗಳು ಅಜ್ಜಿ ಊರಿಗೆ ಕಳಿಸಿ, ಎಲ್ಲಾ ಮರೀತಾಳೆ.' ಮತ್ತೆ ವೋಲ್ ಕಡೆ ಬರುತ್ತೇನೆ. 2009ರಲ್ಲಿ ಆಲಿವರ್ ಬಾಶ್ ಎಂಬ ವಿಜ್ಞಾನಿ ಜೋಡಿಯಾಗಿದ್ದ ಗಂಡು ವೋಲ್‌ಗಳನ್ನು ಸಂಗಾತಿಯಿಂದ ಕೆಲವೇ ದಿನ ಬೇರ್ಪಡಿಸಿದ. ನೀರಿಗೆ ಬಿಟ್ಟರೆ ಈಜಿ ಪಾರಾಗುವ ಪ್ರಯತ್ನವನ್ನೇ ಮಾಡದೆ ಅವು ಸುಮ್ಮನೆ ತೇಲಿದವು. ಜೊತೆಗಿದ್ದ ಅಣ್ಣತಮ್ಮನಿಂದ ಬೇರ್ಪಡಿಸಿದವುಗಳಲ್ಲಿ ಹೀಗಾಗಲಿಲ್ಲ. ಮಿದುಳಿನ ಒತ್ತಡದ ರಸವನ್ನು ತಡೆಯುವ ಮದ್ದು ಕೊಟ್ಟಾಗ ಅವು ಮತ್ತೆ ಈಜಿದವು. ಮನುಷ್ಯರಲ್ಲಿ, ಪ್ರಿಯರು ಬಿಟ್ಟುಹೋದ 15 ಜನರ ಮಿದುಳನ್ನು ಫಿಶರ್ ತಂಡ 2010ರಲ್ಲಿ ನೋಡಿದಾಗ, ಮಾದಕ ವಸ್ತುವಿನ ಚಟದಲ್ಲಿ ಕಾಣುವ ಹಂಬಲದ ಭಾಗಗಳೇ ಉರಿಯುತ್ತಿದ್ದವು. ದಿನ ಕಳೆದಂತೆ ಅದು ತಗ್ಗುತ್ತದೆ ಎಂಬ ಸೂಚನೆಯೂ ಅದೇ ಅಧ್ಯಯನದಲ್ಲಿದೆ. ಮರೆಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಅದು ಹಟವಲ್ಲ, ಸೊಕ್ಕಲ್ಲ, ಗಾಯ. ಆ ದಿನಗಳಲ್ಲಿ ಬೀಗ ಹಾಕಿದ ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕಿದ ಹುಡುಗಿ ಏನು ಮಾಡಿಕೊಂಡಾಳು ಎಂಬುದನ್ನು ಪತ್ರಿಕೆಯ ಒಳಪುಟಗಳಲ್ಲಿ ಓದಿದ್ದೇವೆ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೋರ್ಟು ಹೇಳಬೇಕಾಯಿತು ಎಂಬುದೇ ನಮಗೆ ಶೋಭೆಯಲ್ಲ.

ಹಾಗಾದರೆ ಮೋಹವನ್ನು ಹಿರಿಯರು ಬೈದದ್ದೆಲ್ಲ ತಪ್ಪೇ? ಅಲ್ಲ. ಅದೇ ಪ್ರೇರಿ ವೋಲ್ ಗಂಡು, ಜೋಡಿಯಾಗುವ ಮೊದಲು ಸಾಧು. ಜೋಡಿಯಾದ ಮರುದಿನದಿಂದ ಗೂಡಿನ ಹತ್ತಿರ ಬಂದ ಯಾವ ಅಪರಿಚಿತನ ಮೇಲೂ ಬಿದ್ದು ಕಚ್ಚುತ್ತದೆ. ಅಂಟಿಸುವ ವ್ಯಾಸೊಪ್ರೆಸಿನ್ನೇ ಕಚ್ಚಿಸುವುದು ಎಂದು 1993ರಲ್ಲೇ ಕಂಡುಕೊಂಡರು. ನಮ್ಮವರು ಎಂಬ ಬೆಚ್ಚನೆಯ ಭಾವ ಮತ್ತು ಹೊರಗಿನವರು ಎಂಬ ಹಗೆ ಒಂದೇ ಹೊಲದ ಬೆಳೆ. ಶರಣರು ವ್ಯಾಮೋಹ ಎಂದು ಕರೆದದ್ದು ಇದನ್ನೇ ಎಂದು ನನಗೆ ಅನ್ನಿಸುತ್ತದೆ. ನನ್ನ ಮಗನಿಗೆ ಸೀಟು ಸಿಗಲಿ ಎಂದು ಇನ್ನೊಬ್ಬರ ಮಗನ ಅನ್ನ ಕಸಿಯುವ ತಂದೆಯಲ್ಲಿ ಪ್ರೀತಿಯಿಲ್ಲ ಎನ್ನಲಾಗದು, ಇದೆ. ಅದು ತನ್ನ ಗೂಡಿನ ಬಾಗಿಲಿಗೇ ನಿಂತುಬಿಟ್ಟಿದೆ. ಮನುಷ್ಯನಿಗೂ ವೋಲ್‌ಗೂ ಇರುವ ವ್ಯತ್ಯಾಸವೆಂದರೆ ಗೂಡನ್ನು ಎಷ್ಟು ದೊಡ್ಡದು ಮಾಡಬೇಕೆಂದು ನಾವು ಕುಳಿತು ಯೋಚಿಸಬಲ್ಲೆವು. ಅನುಭವ ಮಂಟಪದಲ್ಲಿ ಹಾಗೆ ಯೋಚಿಸಿದರು. ಸಮಗಾರ, ಅಗಸ, ಅಂಬಿಗ, ಮಂತ್ರಿ ಒಂದೇ ಕಡೆ ಕುಳಿತು, ಒಟ್ಟಿಗೆ ಉಂಡು, ಒಬ್ಬರನ್ನೊಬ್ಬರು ಅಪ್ಪ, ಅಣ್ಣ, ಅಕ್ಕ ಎಂದು ಕರೆದರು. ಆ ಕರೆಯುವಿಕೆ ಬರೀ ಮರ್ಯಾದೆಯ ಮಾತಾಗಿರಲಿಲ್ಲ. ದಿನವೂ ಜೊತೆಗೆ ಕುಳಿತು, ಕೈಯಿಂದ ಕೈಗೆ ಪ್ರಸಾದ ಕೊಟ್ಟು, ಕಷ್ಟಕ್ಕೆ ಆದರೆ ಮಿದುಳು ರಕ್ತಸಂಬಂಧದ ಲೆಕ್ಕ ಕೇಳುವುದಿಲ್ಲ.

ಕೊನೆಯದಾಗಿ ನನ್ನ ವಯಸ್ಸಿನವರಿಗೆ. ಜೇಮ್ಸ್ ಕೋನ್ ಎಂಬ ಮನೋವಿಜ್ಞಾನಿ 2006ರಲ್ಲಿ 16 ಜನ ಗೃಹಿಣಿಯರನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ, ಕಾಲಿಗೆ ಸಣ್ಣ ಕರೆಂಟಿನ ಹೊಡೆತ ಕೊಡಬಹುದು ಎಂದು ಹೆದರಿಸಿದ. ಒಮ್ಮೆ ಅವರು ಗಂಡನ ಕೈ ಹಿಡಿದಿದ್ದರು, ಒಮ್ಮೆ ಅಪರಿಚಿತನ ಕೈ, ಒಮ್ಮೆ ಯಾರ ಕೈಯೂ ಇಲ್ಲ. ಗಂಡನ ಕೈ ಹಿಡಿದಾಗ ಮಿದುಳಿನ ಭಯದ ಗದ್ದಲ ಎಲ್ಲಕ್ಕಿಂತ ಹೆಚ್ಚು ತಗ್ಗಿತು. ಹೊಂದಿಕೊಂಡು ಬಾಳುವ ದಂಪತಿಗಳಲ್ಲಿ ಇನ್ನೂ ಹೆಚ್ಚು. ಅಪರಿಚಿತನ ಕೈಯಿಂದಲೂ ಸ್ವಲ್ಪ ತಗ್ಗಿತ್ತು ಎಂಬುದನ್ನು ಗಮನಿಸಿ. ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ಐವತ್ತು ದಾಟಿದ ಮೇಲೆ ಒಬ್ಬರ ಕೈ ಒಬ್ಬರು ಮುಟ್ಟಿದರೆ ಮಕ್ಕಳು ನಗುತ್ತಾರೆ ಎಂಬ ನಾಚಿಕೆ. ಆಸ್ಪತ್ರೆಯ ಐ.ಸಿ.ಯು. ಬಾಗಿಲಲ್ಲಿ ನಿಂತಾಗ ಮಾತ್ರ ನೆನಪಾಗುತ್ತದೆ. ಸಂಗಾತಿಯನ್ನು ಕಳೆದುಕೊಂಡ ಹಿರಿಯರು ಈ ಸಭೆಯಲ್ಲೂ ಹತ್ತಾರು ಜನರಿದ್ದೀರಿ. ಗೋಷ್ಠಿ ಮುಗಿದ ಮೇಲೆ ಪ್ರಸಾದದ ಪಂಕ್ತಿಯಲ್ಲಿ ನಿಮ್ಮ ಪಕ್ಕದಲ್ಲಿ ಕುಳಿತವರನ್ನು ಈ ತಿಂಗಳು ಯಾರು ಬಂದು ಮಾತಾಡಿಸಿದರು ಎಂದು ಕೇಳಿ ನೋಡಿ.